ಗೋಳಗುಮ್ಮಟದ ಒಡೆಯ ಹಾಸಿಗೆ ಹಿಡಿದ ಹತ್ತು ವರ್ಷ

ವಿಜಯಪುರದ ಗೋಳಗುಮ್ಮಟಕ್ಕೆ ಬರುವ ಪ್ರವಾಸಿಗರು ಮೂಲೆಯ ಮಿನಾರಿನ ಕಿರಿದಾದ ಮೆಟ್ಟಿಲುಗಳನ್ನು ಹತ್ತಿ ಪಿಸುಗುಟ್ಟುವ ಗ್ಯಾಲರಿ ತಲುಪುತ್ತಾರೆ. ಅಲ್ಲಿ ನಿಂತು ಕೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಮರುದನಿ ಕೇಳಿ ಬೆರಗಾಗುತ್ತಾರೆ. ಕೆಳಗೆ ನೆಲಮಾಳಿಗೆಯಲ್ಲಿ ಈ ಬೆರಗಿಗೆಲ್ಲ ಕಾರಣನಾದ ದೊರೆ ಮುಹಮ್ಮದ್ ಆದಿಲ್ ಶಾಹ ಚಿರನಿದ್ರೆಯಲ್ಲಿದ್ದಾನೆ. ಗುಮ್ಮಟದ ಎತ್ತರ, ಅಗಲಗಳನ್ನು ಬಾಯಿಪಾಠವಾಗಿ ಹೇಳಬಲ್ಲ ಊರಿನವರಿಗೂ ಆತನ ಬದುಕಿನ ಒಂದು ಸಂಗತಿ ಅಷ್ಟಾಗಿ ಪರಿಚಿತವಲ್ಲ. ದಕ್ಷಿಣ ಭಾರತದ ಬಹುಭಾಗವನ್ನು ಆಳಿದ ಈ ಸುಲ್ತಾನ ತನ್ನ ಕೊನೆಯ ಹತ್ತು ವರ್ಷಗಳನ್ನು ಕಾಯಿಲೆಯಲ್ಲಿಯೇ ಕಳೆದ.

ಸಂಪೂರ್ಣ ಗುಣವಾಗದ, ಹಾಗೆಂದು ತಕ್ಷಣ ಪ್ರಾಣವನ್ನೂ ತೆಗೆಯದ ಕಾಯಿಲೆಗಳು ಇಂದು ಅಸಂಖ್ಯ ಮನೆಗಳಲ್ಲಿವೆ. ಕ್ಯಾನ್ಸರ್, ಪಾರ್ಶ್ವವಾಯು, ಮೂತ್ರಪಿಂಡದ ವೈಫಲ್ಯ, ಹೃದಯದ ದೌರ್ಬಲ್ಯ ಹೀಗೆ ಅವುಗಳ ಪಟ್ಟಿ ದೊಡ್ಡದು. ಇಂತಹ ರೋಗಿಗಳ ನೋವು ಶಮನ ಮಾಡಿ, ಉಳಿದ ದಿನಗಳನ್ನು ಸಹನೀಯಗೊಳಿಸುವ ಚಿಕಿತ್ಸೆಯೇ ಉಪಶಮನ ಆರೈಕೆ, ಅರ್ಥಾತ್ ಪ್ಯಾಲಿಯೇಟಿವ್ ಕೇರ್. ಒಮ್ಮೆ ಅಲ್ಲಿಗೂ ಹೋಗಿ ಬನ್ನಿ ಎಂದು ವೈದ್ಯರು ಚೀಟಿ ಬರೆದುಕೊಟ್ಟ ದಿನ ಮನೆಮಂದಿ ಕಂಗಾಲಾಗುತ್ತಾರೆ. ಎಲ್ಲವೂ ಮುಗಿಯಿತೆಂದೇ ಭಾವಿಸುತ್ತಾರೆ. ಆ ಚೀಟಿಯ ನಿಜವಾದ ಅರ್ಥವೇನು, ಅದಕ್ಕೆ ಯಾವ ಸಿದ್ಧತೆ ಬೇಕು ಎಂಬುದನ್ನು ಅರಿಯಲು ಮೂರೂವರೆ ಶತಮಾನಗಳ ಹಿಂದೆ ಇದೇ ಊರಿನಲ್ಲಿ ಬಾಳಿದ ಒಬ್ಬ ರೋಗಿಯ ಜೀವನ ನೆರವಾಗುತ್ತದೆ.

ಬಾಲಕ ಸುಲ್ತಾನ

ಮುಹಮ್ಮದನ ತಂದೆ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಸಂಗೀತಪ್ರಿಯ, ಜಗದ್ಗುರು ಎಂದು ಪ್ರಜೆಗಳಿಂದ ಕರೆಸಿಕೊಂಡ ದೊರೆ. ಇಂದಿನ ತಿಕೋಟಾ ರಸ್ತೆಯ ತೊರವಿಯ ಬಳಿ 1599ರಲ್ಲಿ ನವರಸಪುರ ಎಂಬ ಹೊಸ ನಗರ ಕಟ್ಟಲು ತೊಡಗಿದವನು ಇವನೇ. ಅವನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಭಾರತೀಯ ವೈದ್ಯಪದ್ಧತಿಯನ್ನು ಕುರಿತು ಪರ್ಷಿಯನ್ ಭಾಷೆಯಲ್ಲಿ ಗ್ರಂಥ ರಚಿಸಿದ್ದ. ವೈದ್ಯವಿದ್ಯೆಗೆ ಕೊರತೆ ಇಲ್ಲದ ಅರಮನೆ ಅದು.

ಆದರೆ ಇಬ್ರಾಹಿಮನ ಕೊನೆಯ ದಿನಗಳ ಕುರಿತು ಪ್ರಚಲಿತವಿರುವ ವೃತ್ತಾಂತ ಕರುಣಾಜನಕ. ಭಗಂದರ ರೋಗದಿಂದ ನರಳುತ್ತಿದ್ದ ಅವನಿಗೆ ಪೋರ್ಚುಗೀಸ್ ವೈದ್ಯನೊಬ್ಬ ಚಿಕಿತ್ಸೆ ನೀಡಿದ. ಚಿಕಿತ್ಸೆ ಫಲಿಸದೆ 1627ರ ಸೆಪ್ಟೆಂಬರಿನಲ್ಲಿ ಸುಲ್ತಾನ ತೀರಿಕೊಂಡಾಗ ಆ ವೈದ್ಯನ ಮೂಗು, ತುಟಿಗಳನ್ನು ಕತ್ತರಿಸಲಾಯಿತು ಎನ್ನುತ್ತದೆ ಆ ಕಥೆ. ಅದರ ಹಿಂದಿರುವ ಮನೋಭಾವ ಮಾತ್ರ ಇಂದಿಗೂ ಹಳೆಯದಾಗಿಲ್ಲ. ಗುಣಪಡಿಸಿದರೆ ವೈದ್ಯ ದೇವರು, ಇಲ್ಲದಿದ್ದರೆ ಅಪರಾಧಿ. ಗುಣಪಡಿಸಲಾಗದಿದ್ದರೂ ವೈದ್ಯನಿಗೆ ಮಾಡಲು ಬಹಳಷ್ಟು ಕೆಲಸ ಉಳಿದಿರುತ್ತದೆ ಎಂಬ ಅರಿವು ಪ್ರಪಂಚದಲ್ಲಿ ಮೂಡಿದ್ದೇ ತಡವಾಗಿ. 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆ ಕೇಂದ್ರ ತೆರೆದ ಬಳಿಕವೇ ಈ ವಿದ್ಯೆಗೆ ಒಂದು ನೆಲೆ ದೊರೆಯಿತು.

ತಂದೆ ತೀರಿದಾಗ ಮುಹಮ್ಮದನಿಗೆ ಹದಿನಾಲ್ಕು, ಹದಿನೈದರ ವಯಸ್ಸು. ಹಿರಿಯ ಮಗ ದರ್ವೇಶನನ್ನು ಬದಿಗೊತ್ತಿ ಪ್ರಬಲ ಸರದಾರರಾದ ಮುಸ್ತಫಾ ಖಾನ್ ಮತ್ತು ಖವಾಸ್ ಖಾನ್ ಈ ಬಾಲಕನನ್ನು ಸಿಂಹಾಸನದ ಮೇಲೆ ಕೂರಿಸಿದರು. ದರ್ವೇಶನ ಕಣ್ಣು ಕೀಳಿಸಲಾಯಿತು. ಉತ್ತರಾಧಿಕಾರದ ಮಾತು ಇತ್ಯರ್ಥವಾಗದಿದ್ದರೆ ಏನಾಗುತ್ತದೆ ಎಂಬುದನ್ನು ಮುಹಮ್ಮದ್ ಎಳೆಯ ವಯಸ್ಸಿನಲ್ಲಿಯೇ ಕಂಡಿದ್ದ.

ಕೆರೆ ಕಟ್ಟಿದ, ಸೀಮೆ ಗೆದ್ದ

ಆಳ್ವಿಕೆಯ ಮೊದಲ ವರ್ಷಗಳು ಸುಲಭವಾಗಿರಲಿಲ್ಲ. ಮೊಘಲ್ ಸೇನೆ ನಗರಕ್ಕೆ ಮುತ್ತಿಗೆ ಹಾಕಿ, ಆಹಾರ ಸಾಲದೆ ಹಿಂದಿರುಗಿತು. 1636ರಲ್ಲಿ ಷಾಜಹಾನನೊಂದಿಗೆ ಒಪ್ಪಂದವಾಗಿ, ಬಿಜಾಪುರ ಮೊಘಲರ ಹಿರಿತನವನ್ನು ಮನ್ನಿಸಿತು. ಅದಕ್ಕೆ ಪ್ರತಿಯಾಗಿ ಅಳಿದ ಅಹಮದ್‌ನಗರ ರಾಜ್ಯದ ಒಂದು ಪಾಲು ದೊರೆಯಿತು.

ಉತ್ತರದ ಗಡಿ ಶಾಂತವಾದ ಮೇಲೆ ಸುಲ್ತಾನನ ದೃಷ್ಟಿ ದಕ್ಷಿಣಕ್ಕೆ ಹೊರಳಿತು. 1638ರಲ್ಲಿ ಸೇನಾನಿ ರಣದುಲ್ಲಾ ಖಾನ್ ಬೆಂಗಳೂರನ್ನು ಕೆಂಪೇಗೌಡರ ವಂಶಸ್ಥರಿಂದ ವಶಪಡಿಸಿಕೊಂಡ. ಆ ಸೀಮೆ ಶಹಾಜಿ ಭೋಸಲೆಗೆ ಜಹಗೀರಾಗಿ ದೊರೆಯಿತು. ಮುಂದಿನ ದಶಕದಲ್ಲಿ ಬಿಜಾಪುರದ ಸೇನೆ ವೆಲ್ಲೂರು, ಜಿಂಜಿಗಳವರೆಗೂ ಸಾಗಿತು. ಆದಿಲ್‌ಶಾಹಿ ರಾಜ್ಯ ಇಷ್ಟು ವಿಸ್ತಾರವಾಗಿ ಹರಡಿದ್ದು ಈತನ ಕಾಲದಲ್ಲಿಯೇ. 1648ರಲ್ಲಿ ಷಾಜಹಾನ್ ಈತನಿಗೆ ಷಾ ಎಂಬ ಬಿರುದನ್ನೂ ಮನ್ನಿಸಿದ.

ಸುಲ್ತಾನ ಬರದ ನಾಡಿನ ದೊರೆಯೂ ಹೌದು. ಇಂದಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರ ಆತನ ಹೆಸರನ್ನೇ ಹೊತ್ತ ಊರು. ಅಲ್ಲಿಯ ವಿಶಾಲವಾದ ಕೆರೆ 1633ರ ಸುಮಾರಿಗೆ ಆತ ಕಟ್ಟಿಸಿದ್ದು. ವಿಜಯಪುರ ನಗರದ ದಕ್ಷಿಣಕ್ಕಿರುವ ಬೇಗಂ ತಲಾಬ್ 1651ರದು. ಅಲ್ಲಿಂದ ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ನೀರು ಹರಿಯುತ್ತಿತ್ತು. ಈ ಎರಡನೆಯ ಕೆರೆ ಕಟ್ಟುವ ವೇಳೆಗೆ ಸುಲ್ತಾನ ಕಾಯಿಲೆ ಬಿದ್ದು ಐದು ವರ್ಷ ಕಳೆದಿತ್ತು ಎಂಬುದು ಗಮನಾರ್ಹ. ಹಾಸಿಗೆ ಹಿಡಿದ ಬದುಕೂ ಬದುಕೇ. ಅದರಲ್ಲಿಯೂ ಕೆರೆ ಕಟ್ಟಬಹುದು.

1646ರ ಆಘಾತ

1646ರಲ್ಲಿ ಮುಹಮ್ಮದ್ ಆದಿಲ್ ಶಾಹ ತೀವ್ರ ಅಸ್ವಸ್ಥನಾದ. ಆಗ ಆತನಿಗೆ ಮೂವತ್ತಮೂರರ ಆಸುಪಾಸು. ಬದುಕುವ ಭರವಸೆಯೇ ಇಲ್ಲವೆಂಬ ಸ್ಥಿತಿ. ಅದೇ ವರ್ಷ ನಗರದ ಪ್ರಸಿದ್ಧ ಸೂಫಿ ಸಂತ ಹಾಶಿಂ ಪೀರರು ದೇಹ ಬಿಟ್ಟರು. ಸಂತರು ತಮ್ಮ ಆಯುಷ್ಯದ ಹತ್ತು ವರ್ಷಗಳನ್ನು ದೊರೆಗೆ ಧಾರೆಯೆರೆದರೆಂದು ಜನ ನಂಬಿದರು. ಸುಲ್ತಾನ ಸಾವಿನ ಬಾಯಿಂದ ಮರಳಿದ. ಸರಿಯಾಗಿ ಹತ್ತು ವರ್ಷ ಬದುಕಿದ. ಇಂದಿಗೂ ವಿಜಯಪುರದ ಹಾಶಿಂ ಪೀರರ ದರ್ಗಾಕ್ಕೆ ಜಾತಿ, ಮತಗಳ ಭೇದವಿಲ್ಲದೆ ಭಕ್ತರು ಬರುತ್ತಾರೆ.

ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಂಡರೂ ಅದು ಎತ್ತುವ ಪ್ರಶ್ನೆ ದೊಡ್ಡದು. ಹತ್ತು ವರ್ಷಗಳೇನೋ ದೊರೆತವು. ಆ ವರ್ಷಗಳು ಹೇಗಿದ್ದವು? ಸುಲ್ತಾನ ಮತ್ತೆ ಮೊದಲಿನಂತಾಗಲಿಲ್ಲ. ರಾಜ್ಯಭಾರದ ಗಂಭೀರ ಕಾರ್ಯಗಳಿಂದ ಆತ ಹೆಚ್ಚುಕಡಿಮೆ ದೂರವೇ ಉಳಿದ. ಪ್ರಾಣ ಉಳಿಯುವುದು ಒಂದು, ಉಳಿದ ಪ್ರಾಣಕ್ಕೆ ನೆಮ್ಮದಿ ದೊರೆಯುವುದು ಮತ್ತೊಂದು. ಆಧುನಿಕ ಉಪಶಮನ ಆರೈಕೆಯು ಈ ಎರಡನೆಯದರ ಹೊಣೆ ಹೊರುತ್ತದೆ. ಮೊದಲನೆಯದಕ್ಕೆ ಅಡ್ಡಿಯನ್ನೇನೂ ಮಾಡುವುದಿಲ್ಲ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳು ಭಾಗವಹಿಸಿದ್ದರು. ಆರಂಭದಿಂದಲೇ ಉಪಶಮನ ಆರೈಕೆಯನ್ನೂ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರಷ್ಟೇ ಅಲ್ಲ, ಉಳಿದವರಿಗಿಂತ ಎರಡೂವರೆ ತಿಂಗಳಿಗೂ ಮಿಗಿಲಾಗಿ ಬದುಕಿದರು.

ಹಾಸಿಗೆಯ ಪಕ್ಕದಲ್ಲಿದ್ದವಳು

ದೊರೆ ಮಲಗಿದಾಗ ರಾಜ್ಯದ ಭಾರ ಬಿದ್ದದ್ದು ರಾಣಿಯ ಮೇಲೆ. ಬಡೀ ಸಾಹಿಬಾ ಎಂದು ಪ್ರಸಿದ್ಧಳಾದ ಖದೀಜಾ ಸುಲ್ತಾನಾ ಗೋಲ್ಕೊಂಡದ ಕುತುಬ್‌ಶಾಹಿ ರಾಜಕುಮಾರಿ. 1633ರಲ್ಲಿ ವಿವಾಹವಾಗಿ ಬಿಜಾಪುರಕ್ಕೆ ಬಂದ ಆಕೆ ಸಾಹಿತ್ಯಪ್ರೇಮಿಯಾಗಿದ್ದಳು. ದಖನಿ ಭಾಷೆಯ ಮಹಾಕಾವ್ಯ ಖಾವರ್‌ನಾಮಾ 1649ರಲ್ಲಿ ರುಸ್ತಮಿ ಎಂಬ ಕವಿಯಿಂದ ರಚಿತವಾದದ್ದು ಆಕೆಯ ಪ್ರೋತ್ಸಾಹದಿಂದ. ಅಂದರೆ ಗಂಡನ ಕಾಯಿಲೆಯ ಮೂರನೆಯ ವರ್ಷದಲ್ಲಿ.

ರೋಗಿಯ ಕೋಣೆ ಮತ್ತು ದರ್ಬಾರು ಎರಡನ್ನೂ ಆಕೆ ನೋಡಿಕೊಳ್ಳಬೇಕಿತ್ತು. ಅತ್ತ ಗಡಿಯಲ್ಲಿ ಕಾಲ ಕಾಯುತ್ತಿರಲಿಲ್ಲ. ಸುಲ್ತಾನ ಹಾಸಿಗೆ ಹಿಡಿದ ವರ್ಷವೇ ಶಿವಾಜಿ ತೋರಣಾ ಕೋಟೆ ಹಿಡಿದನೆನ್ನಲಾಗಿದೆ. 1648ರಲ್ಲಿ ಜಿಂಜಿಯ ಪಾಳೆಯದಲ್ಲಿ ಶಹಾಜಿಯ ಬಂಧನವಾಯಿತು. ಸುಲ್ತಾನನನ್ನು ಪಟ್ಟಕ್ಕೇರಿಸಿದ್ದ ಹಿರಿಯ ಮಂತ್ರಿ ಮುಸ್ತಫಾ ಖಾನ್ ಅದೇ ದಂಡಯಾತ್ರೆಯ ನಡುವೆ ತೀರಿಕೊಂಡ. 1656ರ ಜನವರಿಯಲ್ಲಿ ಜಾವಳಿಯೂ ಶಿವಾಜಿಯ ಪಾಲಾಯಿತು.

ಇತಿಹಾಸದ ಪುಸ್ತಕಗಳು ಈ ಹತ್ತು ವರ್ಷಗಳನ್ನು ಶಿವಾಜಿಯ ಉದಯದ ಕಾಲವೆಂದು ವರ್ಣಿಸುತ್ತವೆ. ಅರಮನೆಯ ಒಳಗಿನಿಂದ ನೋಡಿದರೆ ಅದೊಂದು ದೀರ್ಘ ಶುಶ್ರೂಷೆಯ ಕಾಲ. ಮನೆಯ ಯಜಮಾನ ಮಲಗಿದಾಗ ವ್ಯವಹಾರ, ಸಾಲ, ಮಕ್ಕಳು, ನೆಂಟರು, ಔಷಧ ಎಲ್ಲವನ್ನೂ ಹೊತ್ತ ಹೆಂಗಸಿನ ಚಿತ್ರ ಇಂದಿನ ಮನೆಗಳಿಗೂ ಹೊಸದಲ್ಲ. ತಿಕೋಟಾದ ದ್ರಾಕ್ಷಿ ಬೆಳೆಗಾರನ ಮನೆಯಾಗಲಿ, ಬೆಂಗಳೂರಿನ ಫ್ಲಾಟ್ ಆಗಲಿ, ರೋಗಿಯ ಬಗ್ಗೆ ವಿಚಾರಿಸುವವರು ಹಲವರು, ಆರೈಕೆ ಮಾಡುವವಳನ್ನು ವಿಚಾರಿಸುವವರು ವಿರಳ.

ಗುಮ್ಮಟ ಎದ್ದಿತು, ಮಾತು ಉಳಿಯಿತು

ಪಟ್ಟಕ್ಕೆ ಬಂದ ಸ್ವಲ್ಪ ಕಾಲದಲ್ಲಿಯೇ ಮುಹಮ್ಮದ್ ತನ್ನ ಸಮಾಧಿಯ ನಿರ್ಮಾಣ ಆರಂಭಿಸಿದ್ದ. 18 ಸಾವಿರ ಚದರ ಅಡಿಗೂ ಹೆಚ್ಚು ವಿಸ್ತಾರದ ಒಂದೇ ಕೋಣೆ. ನಡುವೆ ಒಂದು ಕಂಬವೂ ಇಲ್ಲ. ಮೇಲೆ ಹೊರ ವ್ಯಾಸ 144 ಅಡಿಯ ಗುಮ್ಮಟ. ತಂದೆಯ ಇಬ್ರಾಹಿಂ ರೋಜಾದ ಕುಸುರಿಯನ್ನು ಮೀರಿಸುವುದು ಸಾಧ್ಯವಿಲ್ಲವೆಂದು ಗಾತ್ರದಲ್ಲಿ ಮೀರಿಸಲು ಹೊರಟನೆಂಬ ಮಾತು ಊರಿನಲ್ಲಿದೆ. ಸಾವಿನ ನಂತರದ ಮನೆಯ ಸಿದ್ಧತೆಯಲ್ಲಿ ಈತನಿಗೆ ಸಾಟಿಯಾದವರು ಕಡಿಮೆ.

1656ರ ನವೆಂಬರ್ 4ರಂದು ಸುಲ್ತಾನ ಕೊನೆಯುಸಿರೆಳೆದ. ಕಟ್ಟಡದ ಕೆಲಸ ಪೂರ್ಣವಾಗಿರಲಿಲ್ಲ, ಬಳಿಕವೂ ಪೂರ್ಣವಾಗಲಿಲ್ಲ. ದಕ್ಷಿಣ ದ್ವಾರದ ಮೇಲಿನ ಶಾಸನದ ಮೂರು ವಾಕ್ಯಗಳಲ್ಲಿ ಪ್ರತಿಯೊಂದರ ಅಕ್ಷರಗಳೂ ಆತ ತೀರಿದ ಹಿಜರಿ 1067ನೇ ವರ್ಷವನ್ನು ಸೂಚಿಸುತ್ತವೆ. ಇಬ್ಬರು ಬೇಗಮರು, ನರ್ತಕಿ ರಂಭಾ, ಮಗಳು, ಮೊಮ್ಮಗ ಆತನ ಪಕ್ಕದಲ್ಲಿದ್ದಾರೆ.

ಗೋರಿಯ ಸಿದ್ಧತೆಗೆ ಮೂರು ದಶಕ ದೊರೆತರೂ ಇನ್ನೊಂದು ಸಿದ್ಧತೆ ಅಪೂರ್ಣವಾಗಿತ್ತು. ಬಡೀ ಸಾಹಿಬಾ ಮತ್ತು ಪ್ರಧಾನಿ ಖಾನ್ ಮುಹಮ್ಮದ್ ಸೇರಿ ಹದಿನೆಂಟರ ಹರೆಯದ ಎರಡನೆಯ ಅಲಿ ಆದಿಲ್ ಶಾಹನನ್ನು ಪಟ್ಟಕ್ಕೇರಿಸಿದರು. ಆದರೆ ಈತ ದಿವಂಗತ ಸುಲ್ತಾನನ ಸ್ವಂತ ಮಗನೇ ಅಲ್ಲ ಎಂಬ ನೆಪ ಮುಂದೊಡ್ಡಿ ದಖನ್ನಿನ ಮೊಘಲ್ ಸುಬೇದಾರನಾಗಿದ್ದ ಔರಂಗಜೇಬ ಯುದ್ಧ ಸಾರಿದ. 1657ರಲ್ಲಿ ಬೀದರ್, ಕಲ್ಯಾಣಿ ಕೋಟೆಗಳು ಒಂದಾದ ಮೇಲೊಂದು ಉರುಳಿದವು. ಆ ಯುದ್ಧ ನಿಂತದ್ದೂ ಮತ್ತೊಬ್ಬನ ಕಾಯಿಲೆಯಿಂದ. ಸೆಪ್ಟೆಂಬರಿನಲ್ಲಿ ಷಾಜಹಾನ್ ಹಾಸಿಗೆ ಹಿಡಿದ ಸುದ್ದಿ ಬಂದು ಔರಂಗಜೇಬ ದೆಹಲಿಯ ಗದ್ದುಗೆಯತ್ತ ಮುಖ ಮಾಡಿದ. ಇತ್ತ ಶತ್ರುವಿನೊಂದಿಗೆ ಕೈಜೋಡಿಸಿದನೆಂಬ ಶಂಕೆಯ ಮೇಲೆ ಪ್ರಧಾನಿಯ ಕೊಲೆಯಾಯಿತು. ಮತ್ತೆ ಕೆಲವು ವರ್ಷ ರಾಜ್ಯದ ಸೂತ್ರ ಹಿಡಿದ ಬಡೀ ಸಾಹಿಬಾ 1661ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟುಹೋದಳು.

ಹತ್ತು ವರ್ಷಗಳ ಕಾಲಾವಕಾಶವಿದ್ದೂ ಇಂತಹ ಗೊಂದಲ ಏಕಾಯಿತು ಎಂಬುದಕ್ಕೆ ರಾಜಕೀಯ ಕಾರಣಗಳು ಹಲವಿವೆ. ಮನೆಯ ಮಟ್ಟದಲ್ಲಿ ಮಾತ್ರ ಒಂದು ಪಾಠ ಸ್ಪಷ್ಟ. ಸಾವಿನ ಸಿದ್ಧತೆ ಬೇರೆ, ಕಾಯಿಲೆಯೊಂದಿಗಿನ ಬದುಕಿನ ಸಿದ್ಧತೆ ಬೇರೆ. ಗುಮ್ಮಟ ಮೊದಲನೆಯದು. ಉಪಶಮನ ಆರೈಕೆಯ ಮೊದಲ ಭೇಟಿ ಎರಡನೆಯದು.

ಸುಲ್ತಾನನಿಗೆ ದೊರೆಯದ ಭೇಟಿ

ಆ ಮೊದಲ ಭೇಟಿಯಲ್ಲಿ ವೈದ್ಯರು ಕೇಳುವ ಪ್ರಶ್ನೆಗಳು ಬೇರೆ ಬಗೆಯವು. ರೋಗ ಯಾವುದು ಎಂಬುದರ ಜೊತೆಗೆ, ಯಾವುದು ಹೆಚ್ಚು ಕಾಡುತ್ತಿದೆ ಎಂಬುದನ್ನೂ ವಿಚಾರಿಸುತ್ತಾರೆ. ಆದ್ದರಿಂದ ಹೋಗುವ ಮುನ್ನ ಒಂದು ವಾರವಾದರೂ ನೋವಿನ ಲೆಕ್ಕ ಬರೆದಿಡುವುದು ಒಳ್ಳೆಯದು. ನೋವು ಎಲ್ಲಿ, ಯಾವ ಹೊತ್ತಿನಲ್ಲಿ, ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಯಾವುದರಿಂದ ಕಡಿಮೆಯಾಗುತ್ತದೆ ಎಂಬುದು ಅಲ್ಲಿರಬೇಕು. ನಿದ್ರೆ, ಊಟ, ವಾಂತಿ, ಮಲಬದ್ಧತೆ, ಉಸಿರಾಟದ ತೊಂದರೆ, ಹಾಸಿಗೆ ಹುಣ್ಣು, ಮನಸ್ಸಿನ ಬೇಸರ ಇವೂ ಆ ಲೆಕ್ಕಕ್ಕೆ ಸೇರುತ್ತವೆ.

ಹಳೆಯ ಕಡತಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು. ಬಯಾಪ್ಸಿ ವರದಿ, ಸ್ಕ್ಯಾನ್, ಬಿಡುಗಡೆ ಪತ್ರ, ಇತ್ತೀಚಿನ ರಕ್ತಪರೀಕ್ಷೆಗಳು ಮುಖ್ಯ. ಸೇವಿಸುತ್ತಿರುವ ಎಲ್ಲ ಔಷಧಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗುವುದು ಸುಲಭದ ದಾರಿ. ಹಕೀಮರ ಪುಡಿ, ನಾಟಿ ಔಷಧ, ಆಯುರ್ವೇದದ ಲೇಹ್ಯ ಯಾವುದನ್ನೂ ಸಂಕೋಚದಿಂದ ಮುಚ್ಚಿಡಬಾರದು. ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡುಗಳೂ ಜೊತೆಗಿರಲಿ. ತಿಕೋಟಾ, ಬಬಲೇಶ್ವರದಂತಹ ಊರುಗಳಿಂದ ರೋಗಿಯನ್ನು ಕರೆತರುವುದು ಕಷ್ಟವಾದರೆ ಕಡತಗಳೊಂದಿಗೆ ಮನೆಯವರು ಮಾತ್ರ ಬರಬಹುದೇ ಎಂದು ಮೊದಲೇ ಫೋನ್ ಮಾಡಿ ವಿಚಾರಿಸಬಹುದು. ಕೇಂದ್ರ ಸರ್ಕಾರದ ಆಯುಷ್ಮಾನ್ ಆರೋಗ್ಯ ಕೇಂದ್ರಗಳ ಹನ್ನೆರಡು ಸೇವೆಗಳಲ್ಲಿ ಉಪಶಮನ ಆರೈಕೆಯೂ ಸೇರಿದೆ. ಊರಿನ ಆಶಾ ಕಾರ್ಯಕರ್ತೆಯ ಮೂಲಕವೂ ವಿಚಾರಿಸಬಹುದು.

ಮಾರ್ಫಿನ್ ಎಂಬ ಹೆಸರು ಕೇಳಿದೊಡನೆ ಅನೇಕರು ಬೆಚ್ಚುತ್ತಾರೆ. ತೀವ್ರ ನೋವಿಗೆ ತರಬೇತಿ ಪಡೆದ ವೈದ್ಯರು ಅಳತೆಯರಿತು ಕೊಡುವ ಮಾರ್ಫಿನ್ ಸಾವನ್ನು ಹತ್ತಿರಕ್ಕೆ ತರುವುದಿಲ್ಲ. ಅದು ನೋವು ಕಳೆಯುವ ಮದ್ದು, ವ್ಯಸನವಲ್ಲ. ಅದು ರೋಗಿಗಳಿಗೆ ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾಯಿತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಉಪಶಮನ ಆರೈಕೆ ಬೇಕಾದವರ ಪೈಕಿ ಶೇ 14ರಷ್ಟು ಮಂದಿಗೆ ಮಾತ್ರ ಅದು ದೊರೆಯುತ್ತಿದೆ.

ಕಡತಕ್ಕಿಂತ ಕಷ್ಟದ ಸಿದ್ಧತೆ ಮಾತಿನದು. ತನ್ನ ಕಾಯಿಲೆಯ ಬಗ್ಗೆ ರೋಗಿಗೆ ಎಷ್ಟು ಗೊತ್ತಿದೆ, ಇನ್ನೂ ಎಷ್ಟು ತಿಳಿಯುವ ಇಚ್ಛೆ ಇದೆ? ಮನೆಯಲ್ಲಿರಬೇಕೇ, ಆಸ್ಪತ್ರೆಯೇ? ತಾನು ಮಾತನಾಡಲಾಗದ ದಿನ ಬಂದರೆ ನಿರ್ಧಾರ ಯಾರದು? ಈ ಪ್ರಶ್ನೆಗಳನ್ನು ಹೊರಡುವ ಮುನ್ನ ಮನೆಯಲ್ಲಿ ಒಮ್ಮೆ ಎತ್ತಿಕೊಂಡರೆ ಭೇಟಿ ಸಲೀಸಾಗುತ್ತದೆ. ಹಗಲಿರುಳು ಆರೈಕೆ ಮಾಡುವವರೇ ವೈದ್ಯರ ಮುಂದೆ ಕೂರಬೇಕು. ಅವರ ಬೆನ್ನುನೋವು, ನಿದ್ರೆಗೇಡು, ಅಳು ಇವೂ ಆ ವೈದ್ಯರ ಕೆಲಸದ ಭಾಗ. ಬಡೀ ಸಾಹಿಬಾಳಿಗೆ ದೊರೆಯದ ವಿಚಾರಣೆ ಇದು.

ಅದೇ ನೆಲದ ಇನ್ನೊಂದು ಸಿದ್ಧತೆ

ವಿಜಯಪುರ ಬೇರೊಂದು ಬಗೆಯ ಸಿದ್ಧತೆಯನ್ನೂ ಕಂಡಿದೆ. ಇಂದಿನ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಶ್ರೀ ಸಿದ್ಧೇಶ್ವರ ಸ್ವಾಮೀಜಿ 2014ರ ಗುರುಪೂರ್ಣಿಮೆಯಂದೇ ತಮ್ಮ ಅಂತಿಮ ಇಚ್ಛೆಯನ್ನು ಬರೆದಿಟ್ಟಿದ್ದರು. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನೀರಿನಲ್ಲಿ ವಿಸರ್ಜಿಸಬೇಕು, ಸ್ಮಾರಕ ಕಟ್ಟಬಾರದು ಎಂಬುದು ಅದರ ಸಾರ. ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಹೋಗಲೊಪ್ಪದೆ ಆಶ್ರಮದಲ್ಲಿಯೇ ಉಳಿದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಜನ ಸೇರಿದ್ದರೂ ಏನು ಮಾಡಬೇಕೆಂಬ ಗೊಂದಲ ಉಂಟಾಗಲಿಲ್ಲ. ಎಲ್ಲವೂ ಮೊದಲೇ ಬರೆದಿಟ್ಟಂತೆ ನಡೆಯಿತು.

ಸಾಮಾನ್ಯರಿಗೂ ಈಗ ಈ ದಾರಿ ತೆರೆದಿದೆ. ಗುಣವಾಗದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದರ ಜಾರಿಗೆ ಆದೇಶ ಹೊರಡಿಸಿತು. ಮೊದಲ ಭೇಟಿಯಲ್ಲಿಯೇ ಇದನ್ನು ಮುಗಿಸಬೇಕೆಂದೇನೂ ಇಲ್ಲ. ಕೇಳಬಹುದಾದ ಪ್ರಶ್ನೆಗಳ ಪಟ್ಟಿಯಲ್ಲಿ ಇದೊಂದಿದ್ದರೆ ಸಾಕು.

ಮುಹಮ್ಮದ್ ಆದಿಲ್ ಶಾಹನಿಗೆ ದೊರೆತ ಹತ್ತು ವರ್ಷಗಳನ್ನು ಜನ ಸಂತರ ಕೊಡುಗೆಯೆಂದು ಬಗೆದರು. ದೀರ್ಘ ಕಾಯಿಲೆಯವರಿಗೆ ಉಳಿದಿರುವ ಕಾಲವೂ, ಅದು ಹತ್ತು ವರ್ಷವಿರಲಿ ಹತ್ತು ವಾರವಿರಲಿ, ಕೊಡುಗೆಯೇ. ಆ ಕಾಲವನ್ನು ನೋವಿಲ್ಲದೆ, ತಮ್ಮವರ ನಡುವೆ ಕಳೆಯುವುದು ಹೇಗೆಂದು ಕೇಳಿ ತಿಳಿಯಲು ವೈದ್ಯರು ಬರೆದುಕೊಟ್ಟ ಆ ಪುಟ್ಟ ಚೀಟಿಯೇ ಆರಂಭ. ಅದನ್ನು ಕಪಾಟಿನಲ್ಲಿ ಮಡಿಚಿಡದೆ ಆದಷ್ಟು ಬೇಗ ಹೊರಡುವುದೇ ಲೇಸು.